ನೀಹಾರಿಕೆಯ ಕೆಳಗಿನ ಹೆಸರು

ಅಜ್ಜಂಪುರ
ಭಾನುವಾರ

ಶ್ರೀಜಾಗೆ,

ತರೀಕೆರೆಯ ಛಾಯಾಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ನಾವಿಬ್ಬರೂ ಸೇರಿ ಕೊಂಡ ಸ್ಮಾರ್ಟ್ ಟೆಲಿಸ್ಕೋಪಿನ ಮೊದಲ ಚಿತ್ರ, ಓರಿಯನ್ ನೀಹಾರಿಕೆ, ಅಲ್ಲಿತ್ತು. ಕೆಳಗೆ ನಿನ್ನೊಬ್ಬಳದೇ ಹೆಸರು. ಫೋನಿನಲ್ಲಿ ಕೇಳಿದರೆ ನೀನು, "ಟೆಲಿಸ್ಕೋಪು ತಾನೇ ಹುಡುಕಿ ತಾನೇ ತೆಗೀತು ಕಣೇ, ಅದ್ರಲ್ಲಿ ನಿಂದೇನಿದೆ?" ಅಂದೆ.

ಹುಡುಕಿದ್ದು ಅದೇ, ನಿಜ. ಆದರೆ ಮೂರು ದಿನ ಮೋಡ ಕವಿದಾಗ ಬೇಸತ್ತು ಮನೆಗೆ ಹೋದವಳು ನೀನು. ನಾಲ್ಕನೆಯ ದಿನ ನಮ್ಮ ತಾರಸಿಯಲ್ಲಿ ಸ್ಟ್ಯಾಂಡ್ ಮಟ್ಟ ಮಾಡಿ, ಎದುರುಮನೆ ಮಾರಮ್ಮನವರನ್ನು ಕೇಳಿಕೊಂಡು ಅವರ ಮನೆಯ ಹೊರಗಿನ ದೀಪ ಆರಿಸಿ, ಇಬ್ಬನಿಯಲ್ಲಿ ಎರಡು ಗಂಟೆ ಕೂತವಳು ನಾನು. ಫೋನಿಗೆ ಬಂದ ಚಿತ್ರವನ್ನು ಮೊದಲು ಕಳಿಸಿದ್ದು ನಿನಗೇ. ನೀನು ಖುಷಿಪಡುತ್ತೀಯ ಅಂದುಕೊಂಡಿದ್ದೆ.

ಹೆಸರು ತಿದ್ದಿಸುವುದು ಬೇಡ. ನಮ್ಮ ತಾರಸಿಯ ಬೀಗದ ಕೈ ಒಂದು ನಿನ್ನ ಬಳಿ ಇದೆ. ಅದನ್ನು ಅಂಚೆಯಲ್ಲಿ ಕಳಿಸು. ತಂದುಕೊಡಲು ನೀನು ಬರಬೇಡ.

ಕೋಮಲಾ