ಪಾದಪೂಜೆಗೆ ಮೊದಲು ಅಂಗಾಲು

ಧಾರವಾಡ, ಫೆಬ್ರವರಿ 31, 2219

ಮಡಿವಾಳಪ್ಪನವರಿಗೆ,

ಫೆಬ್ರವರಿಗೆ ಇಷ್ಟು ದಿನ ಎಲ್ಲಿಂದ ಬಂದವು ಎಂದು ತಲೆ ಕೆಡಿಸಿಕೊಳ್ಳಬೇಡಿ. ಕ್ಯಾಲೆಂಡರನ್ನು ನಾವು ತಿದ್ದಿಕೊಂಡಿದ್ದೇವೆ. ನಿಮ್ಮ ಕಾಲದ ಕನ್ನಡ ಬರೆಯಲು ಹೆಣಗುತ್ತಿದ್ದೇನೆ, ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ನಾನು ಮುಕ್ತಾಯಿ, ನಿಮ್ಮದೇ ವಂಶದವಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಿಮ್ಮ ಅವ್ವನಿಗಿರುವ ಸಕ್ಕರೆ ಕಾಯಿಲೆ ನಮ್ಮಲ್ಲೂ ಇದೆ, ನನ್ನ ಅಜ್ಜಿಗೆ. ಆದರೆ ನಮ್ಮದು 'ಒಂದೊಲೆ'ಯ ಮನೆ: ಅಜ್ಜಿಗೆ ಜೋಳದ ರೊಟ್ಟಿ, ಮೆಂತ್ಯೆ ಪಲ್ಯ ಎಂದರೆ ಎಲ್ಲರಿಗೂ ಅದೇ. ರಕ್ತ ಪರೀಕ್ಷೆ ಅವಳೇ ಮಾಡಿಕೊಳ್ಳುತ್ತಾಳೆ, ಗುಳಿಗೆಯ ಉಸ್ತುವಾರಿಯೂ ಅವಳದೇ. ಸಕ್ಕರೆ ಏರಿದರೆ ಯಾರೂ ಬೈಯುವುದಿಲ್ಲ. ಏನು ಮಾಡೋಣ ಎಂದು ಅವಳನ್ನೇ ಕೇಳುತ್ತೇವೆ. ಊಟವಾದ ಮೇಲೆ ಯಾರಾದರೂ ಅವಳ ಜೊತೆ ಕೆರೆಯ ತನಕ ನಡೆದು ಬರುತ್ತಾರೆ. ಸಂಜೆ 'ಕಾಲ್ನೋಟ': ಒಬ್ಬರು ನೆಲದ ಮೇಲೆ ಕುಳಿತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿ, ಹಿಮ್ಮಡಿ, ಅಂಗಾಲು ಎಲ್ಲವನ್ನೂ ದೀಪ ಹಿಡಿದು ನೋಡುತ್ತಾರೆ. ಕಚಗುಳಿಯಾಗಿ ಅವಳು ಒದ್ದರೆ ಮನೆಮಂದಿಗೆಲ್ಲ ಖುಷಿ. ಕಾಲಿಗೆ ಇನ್ನೂ ಸ್ಪರ್ಶವಿದೆ ಎಂದರ್ಥ.

ನೀವೋ, ನಿಮ್ಮ ಅವ್ವ ಶಿವಲಿಂಗವ್ವನ ಕೈಯಿಂದ ಪೇಡೆ ಕಿತ್ತುಕೊಂಡು, "ನಿನಗ ಎಷ್ಟ ಸಲ ಹೇಳ್ಬೇಕಬೇ?" ಎಂದು ನೆಂಟರ ಮುಂದೆ ಗದರಿ, ಅದೇ ಪೇಡೆಯನ್ನು ಆಕೆಯ ಎದುರೇ ಬಾಯಿಗೆ ಹಾಕಿಕೊಂಡವರು. ಆಕೆ ಅಕ್ಕಿ ಡಬ್ಬಿಯಲ್ಲಿ ಪೇಡೆ ಬಚ್ಚಿಟ್ಟು ತಿಂದದ್ದರಲ್ಲಿ ಅಚ್ಚರಿಯೇನು? ಹಬ್ಬ ಬಂದರೆ, "ಇವತ್ತೊಂದಿನ ತಿಂದ್ರ ಏನೂ ಆಗಂಗಿಲ್ಲ, ತಗೋ" ಎಂದು ಎಲೆ ತುಂಬ ಹೋಳಿಗೆ ಬಡಿಸಿದವರೂ ನೀವೇ. ಥೂ, ನಿಮ್ಮ ಪ್ರೀತಿಗಿಷ್ಟು! ಈ ಕಥೆಗಳೆಲ್ಲ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿವೆ.

ಈ ಪತ್ರ ಕೈ ಸೇರುವ ನಿಮ್ಮ ದಿನದ ಲೆಕ್ಕದಲ್ಲಿ ನಾಳೆ ಆಕೆಗೆ ಎಪ್ಪತ್ತೈದು ತುಂಬುತ್ತದೆ, ನೀವು ಪಾದಪೂಜೆ ಇಟ್ಟುಕೊಂಡಿದ್ದೀರಿ. ಅದರ ವಿಡಿಯೊ ನಮ್ಮಲ್ಲಿದೆ. ಬಾಡಿಗೆಯ ಸಿಂಹಾಸನ, ಕಾಲಿಡಲು ಬೆಳ್ಳಿ ಪರಾತ, ಏನು ವೈಭವ! ಹಾಲೆರೆದು ಪಾದದ ಮೇಲೆ ಕುಂಕುಮ ಹಚ್ಚುತ್ತೀರಿ. ನೆಂಟರು ಸಾಲಾಗಿ ಬಂದು ಕಾಲು ಮುಟ್ಟಿ, ಕ್ಯಾಮೆರಾ ಕಡೆ ಹಲ್ಲು ಕಿರಿಯುತ್ತಾರೆ. ಆಕೆ ಕಾಲೆತ್ತಿ ಒರೆಸಿಕೊಳ್ಳುವಾಗ ಒಂದು ಕ್ಷಣ ಬಲ ಅಂಗಾಲು ಕಾಣುತ್ತದೆ. ಹೆಬ್ಬೆರಳ ಬುಡದಲ್ಲಿ ಕಪ್ಪು ಹುಣ್ಣು. ಚಪ್ಪಲಿಯ ಮೊಳೆ ಚುಚ್ಚಿದ್ದು. ಜೋಮು ಹಿಡಿದ ಪಾದಕ್ಕೆ ನೋವೇ ತಿಳಿದಿಲ್ಲ. ಅಷ್ಟು ಜನ ಮುಟ್ಟುವ ಕಾಲನ್ನು ಒಬ್ಬರೂ ನೋಡುವುದಿಲ್ಲ. ದೀಪಾವಳಿಯ ಹೊತ್ತಿಗೆ ಅದನ್ನು ಮೊಣಕಾಲ ಕೆಳಗೆ ಕತ್ತರಿಸುತ್ತಾರೆ.

ಆಮೇಲೆ ನಿಮ್ಮ ಮಗಳು ತ್ರಿವೇಣಿ ಅಜ್ಜಿಯ ಉಳಿದ ಕಾಲನ್ನು ದಿನವೂ ನೋಡತೊಡಗುತ್ತಾಳೆ. ನಮ್ಮ ಕಾಲ್ನೋಟ ಹುಟ್ಟಿದ್ದು ಹಾಗೆ. ನೀವು ಈಗಲೇ ಎಚ್ಚೆತ್ತರೆ ಈ ಪದ್ಧತಿಯೇ ಹುಟ್ಟದೆ ಹೋದೀತೆಂದು ಇಲ್ಲಿ ಕೆಲವರಿಗೆ ಅಂಜಿಕೆ. ಹೋದರೆ ಹೋಗಲಿ. ನನಗೆ ಆಕೆಯ ಕಾಲು ಉಳಿಯಬೇಕು.

ಆದ್ದರಿಂದ ಹಾಲು, ಕುಂಕುಮ ಬದಿಗಿಟ್ಟು ನೆಲದ ಮೇಲೆ ಕುಳಿತುಕೊಳ್ಳಿ. "ಬಿಡೋ, ನಾಚಿಕಿ ಬರ್ತೈತಿ" ಎಂದು ಆಕೆ ಕಾಲೆಳೆದುಕೊಳ್ಳುತ್ತಾಳೆ, ಮೆಲ್ಲಗೆ ಒಪ್ಪಿಸಿ. ಅಂಗಾಲು ತಿರುಗಿಸಿ ನೋಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ನೆಂಟರು ಬೇಕಾದರೆ ಊಟ ಮಾಡಿ ಹೋಗಲಿ. ಪೂಜೆ ಮುಂದಿನ ವರ್ಷ ಮಾಡುವಿರಂತೆ, ಎರಡೂ ಕಾಲಿಗೆ.