ಹಳ್ಳದ ಈಚೆ ಹುಟ್ಟಿದವಳು

ಆಲ್ಡರ್‌ಬ್ರೂಕ್, ಮ್ಯಾಸಚೂಸೆಟ್ಸ್ ವಸಾಹತು
1731ರ ಅಕ್ಟೋಬರ್

ನನ್ನ ಮಡಿಲಲ್ಲಿ ಬೆಳೆದ ಕೆಜಿಯಾ,

ನಿನ್ನ ಅವ್ವನ ಸಾವಿನ ಸುದ್ದಿ ನಿನಗೆ ಮುಟ್ಟಿರುತ್ತದೆ. ತುಂಬು ಬಸುರಿ ನೀನು, ಅಷ್ಟು ದೂರದಿಂದ ಬರಲಾಗಲಿಲ್ಲವೆಂದು ಕೊರಗಬೇಡ. ಊರಿಗೆ ಊರೇ ನಿಂತು ಜೆರುಷಾಳನ್ನು ಮಣ್ಣು ಮಾಡಿತು.

ಚಿಕ್ಕಂದಿನಲ್ಲಿ ಯಾರಾದರೂ ‘ಬಂಡಿಯಲ್ಲಿ ಹುಟ್ಟಿದವಳು’ ಎಂದು ಅಣಕಿಸಿದರೆ ನೀನು ಅಳುತ್ತ ಬಂದು ಕಾರಣ ಕೇಳುತ್ತಿದ್ದೆ. ಅವಳು ಮಾತು ಮರೆಸುತ್ತಿದ್ದಳು, ನಾನೂ ಬಾಯಿ ಬಿಡದಂತೆ ಭಾಷೆ ತೆಗೆದುಕೊಂಡಿದ್ದಳು. ಹಾಸಿಗೆ ಹಿಡಿದ ಮೇಲೆ ಅವಳೇ ಅಂದಳು, “ಡಾರ್ಕಸ್, ಇನ್ನು ಹೇಳಿಬಿಡು. ಅವಳೂ ತಾಯಿ ಆಗ್ತಿದ್ದಾಳೆ.”

ಆಗ ನಮ್ಮದಿನ್ನೂ ಎಳೆಯ ಊರು. ಕಡಿದ ಮರಗಳ ಬೊಡ್ಡೆಗಳ ನಡುವೆಯೇ ಮುಸುಕಿನ ಜೋಳ ಬಿತ್ತುತ್ತಿದ್ದೆವು. ಪ್ರಾರ್ಥನಾ ಮಂದಿರಕ್ಕೆ ಗೋಡೆ ಎದ್ದಿತ್ತು, ಕಿಟಕಿಗೆ ಗಾಜಿರಲಿಲ್ಲ. ಸಾಲಾಗಿ ಎರಡು ಸುಗ್ಗಿ ಕೈಕೊಟ್ಟಿದ್ದವು. ಅಂಥ ಚಳಿಗಾಲದಲ್ಲಿ ನಿನ್ನ ಅವ್ವ ಊರಲ್ಲಿ ಯಾರ ಗುರುತೂ ಇಲ್ಲದೆ ಕಡಲ ಕಡೆಯಿಂದ ನಡೆದುಕೊಂಡೇ ಬಂದಳು. ಹೊಟ್ಟೆಯಲ್ಲಿ ನೀನು. ನಮ್ಮ ಮನೆಯಲ್ಲಿ ಉಣ್ಣೆ ನೂತು ಊಟ ಮಾಡಿಕೊಂಡಿದ್ದಳು. ಮಗುವಿನ ತಂದೆ ಯಾರೆಂದರೆ ತುಟಿ ಕಚ್ಚುತ್ತಿದ್ದಳು.

ಮದುವೆಯಿಲ್ಲದೆ ಹೆತ್ತ ಕೂಸು ಯಾವ ಊರಿನ ನೆಲದಲ್ಲಿ ಹುಟ್ಟುತ್ತದೋ ಆ ಊರೇ ಅದನ್ನು ಸಾಕಬೇಕು. ಕಾನೂನು ಹಾಗಿತ್ತು. ಆದ್ದರಿಂದಲೇ ಊರಿನ ಹಿರಿಯ ಒಬದಾಯ ಕ್ರೋಲ್ ಒಂದು ಬೆಳಗ್ಗೆ ನಮ್ಮ ಬಾಗಿಲಿಗೆ ಬಂದ. ಆ ವರ್ಷ ನೀನು ದೊಡ್ಡಪ್ಪ ಎನ್ನುವ ನಮ್ಮವರು, ಜೇಬೆಜ್, ಊರಿನ ಕಾನ್‌ಸ್ಟೇಬಲ್. ಹೆರಿಗೆಗೆ ಮೊದಲೇ ಅವಳನ್ನು ಗಡಿಯ ಹಳ್ಳ ದಾಟಿಸಿ ಬಿಟ್ಟು ಬಾ ಎಂದು ಅಪ್ಪಣೆಯಾಯಿತು. ಈ ಹಿಮದಲ್ಲಿ ಹೇಗೆ ಎಂದು ಇವರು ತಡವರಿಸಿದರು.

“ನಾನಲ್ಲಪ್ಪ ಹೇಳೋದು, ಕಾನೂನು ಹೇಳ್ತದೆ,” ಅಂದ ಕ್ರೋಲ್. ಕೆಟ್ಟವನಲ್ಲ ಅವನು. ಹಿಂದಿನ ಚಳಿಗಾಲದಲ್ಲಿ ತನ್ನ ಇಬ್ಬರು ಮಕ್ಕಳನ್ನೇ ಹಸಿವೆಗೆ ಕೊಟ್ಟಿದ್ದ.

ಇವರು ಜಾರುಬಂಡಿಗೆ ಎತ್ತು ಕಟ್ಟಿದರು. ನಾನು ಹಟ ಹಿಡಿದು ಜೆರುಷಾಳ ಪಕ್ಕ ಕೂತೆ. ಕ್ರೋಲ್ ಮುಂದೆ ಮುಂದೆ ನಡೆದ. ಬಂಡಿ ಹೊರಟ ಸ್ವಲ್ಪ ಹೊತ್ತಿಗೇ ಅವಳಿಗೆ ನೋವು ಬಂದಿತ್ತು. ಗೊತ್ತಾದರೆ ಎತ್ತುಗಳನ್ನು ಓಡಿಸಿಬಿಡುತ್ತಾರೆಂದು ಶಾಲನ್ನು ಬಾಯಿಗೆ ತುರುಕಿಕೊಂಡಿದ್ದಳು. ಬಂಡಿ ಕುಲುಕಿದಾಗಲೆಲ್ಲ ಅವಳ ಉಗುರು ನನ್ನ ಅಂಗೈಗೆ ನಾಟುತ್ತಿತ್ತು. ಹೆಪ್ಪುಗಟ್ಟಿದ ಹಳ್ಳ ಕಣ್ಣಿಗೆ ಬೀಳುವ ಹೊತ್ತಿಗೆ ನೆತ್ತಿನೀರು ಒಡೆಯಿತು.

“ಎತ್ತು ನಿಲ್ಸಿ,” ಅಂದೆ.

ಇವರು ಕ್ರೋಲ್‌ನ ಮುಖ ನೋಡಿದರು. “ಹಳ್ಳ ಇಲ್ಲೇ ಇದೆ, ಹೊಡಿ,” ಅಂದ ಅವನು.

ಜೇಬೆಜ್ ನೊಗದ ಗೂಟ ಕಿತ್ತು ಹಿಮದೊಳಕ್ಕೆ ಎಸೆದರು. “ಎಳೀಬೇಕಾದ್ರೆ ನೀವೇ ಎಳೀರಿ.”

ಕ್ರೋಲ್ ನಿಜವಾಗಿಯೂ ಬಂಡಿಯ ಹಗ್ಗಕ್ಕೆ ಕೈ ಹಾಕಿದ. ಭುಜ ಕೊಟ್ಟು ಜಗ್ಗಿದ. ಬಂಡಿ ಜರುಗಿತು, ನಿಂತಿತು, ಮತ್ತೆ ಜರುಗಿತು. ನಾನು ಒಂದು ಕೈಯಲ್ಲಿ ಹೊರಬರುತ್ತಿದ್ದ ನಿನ್ನ ತಲೆ ಹಿಡಿದು, ಇನ್ನೊಂದರಲ್ಲಿ ದಾರಿಬದಿಯ ಪೊದೆಯ ಕೊಂಬೆ ಬಿಗಿಹಿಡಿದಿದ್ದೆ. ಆಗ ನೀನು ಅತ್ತೆ. ಹಳ್ಳದ ಈಚೆಗೇ. ಕ್ರೋಲ್‌ನ ಕೈಯಿಂದ ಹಗ್ಗ ತಾನಾಗಿ ಜಾರಿತು.

ಅಷ್ಟಕ್ಕೇ ಮುಗಿಯಲಿಲ್ಲ, ಮಗಳೇ. ಮಗು ಊರಿನದು, ಅದನ್ನು ಊರು ಸಾಕುತ್ತದೆ, ಇವಳು ಮಾತ್ರ ಹೊರಗಿನವಳು, ಹೋಗಲೇಬೇಕು ಎಂದ ಅವನು. ನಿನ್ನನ್ನು ನನ್ನ ಕೈಗೆ ಕೊಡಲು ಹೇಳಿದ. ಜೆರುಷಾ ರಕ್ತದಲ್ಲಿ ತೊಯ್ದ ಚಾದರದಲ್ಲೇ ನಿನ್ನನ್ನು ಎದೆಗೊತ್ತಿಕೊಂಡು ಎದ್ದು ಕೂತಳು.

“ಮಗು ಊರಿಂದು, ಆಯ್ತು. ಹಾಲು ನಂದು. ಯಾರು ಕುಡಿಸ್ತೀರಿ, ಹೇಳಿ.”

ಆ ಚಳಿಗಾಲ ಊರಿನಲ್ಲಿ ಹಾಲೂಡುವ ಇನ್ನೊಬ್ಬ ಹೆಂಗಸಿರಲಿಲ್ಲ, ಹಸುಗಳೂ ಬತ್ತಿದ್ದವು. ಅದು ಕ್ರೋಲ್‌ಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಮಗು ಮೊಲೆ ಬಿಡುವ ತನಕ ಇರಲಿ ಎಂದ.

ಅಂದಿನಿಂದ ಪ್ರತಿ ವಸಂತದಲ್ಲೂ ಊರಸಭೆಗೆ ಮುಂಚೆ ಅವನು ಬಂದು ಕೇಳುತ್ತಿದ್ದ. ಇನ್ನೂ ಬಿಟ್ಟಿಲ್ಲ ಎನ್ನುತ್ತಿದ್ದಳು ಅವಳು. ಒಂದು ವರ್ಷ ಅವನೆದುರಿಗೇ ನೀನು ಬೇಲಿಯ ಮೇಲೆ ಕೂತು ಒಣರೊಟ್ಟಿ ಕಡಿಯುತ್ತಿದ್ದೆ. ಆಗಲೂ ಅವಳು ಕಣ್ಣು ಮಿಟುಕಿಸದೆ ಅದನ್ನೇ ಹೇಳಿದಳು. ಕ್ರೋಲ್ ನಿನ್ನನ್ನು ನೋಡಿದ, ನಿನ್ನ ಕೈಯ ರೊಟ್ಟಿ ನೋಡಿದ.

“ಹಾಗಾದ್ರೆ ಮುಂದಿನ ವರ್ಷ ನೋಡೋಣ,” ಎಂದು ಟೋಪಿ ಹಾಕಿಕೊಂಡು ಹೋದ. ಮುಂದಿನ ವರ್ಷ ಅವನು ಕೇಳಲಿಲ್ಲ.

ನಿನ್ನ ಹೆರಿಗೆ ಬೆಂಕಿಯ ಬಿಸುಪಿನಲ್ಲಿ, ನಿನ್ನವರ ನಡುವೆ ಆಗಲಿ ತಾಯಿ. ದೇವರು ನಿನ್ನನ್ನೂ ಕೂಸನ್ನೂ ಕಾಯಲಿ.

ನಿನ್ನ ದೊಡ್ಡಮ್ಮ,
ಡಾರ್ಕಸ್