ಕಳುಹಿಸದ ಶಿಫಾರಸು

ಮೂಡುಬಿದಿರೆ,
9 ನವೆಂಬರ್ 2025, ಭಾನುವಾರ

ಪ್ರೀತಿಯ ತ್ರಿಶಾ,

ಜೈ ಜಿನೇಂದ್ರ. ಹೇಗಿದ್ದೀ? ಕಲಬುರಗಿಯಲ್ಲಿ ಚಳಿ ಶುರುವಾಯಿತೇ, ಹಾಸ್ಟೆಲಿನ ಊಟ ಹಿಡಿಸುತ್ತದೆಯೇ? ಕೋಚಿಂಗ್ ಸೆಂಟರಿನಲ್ಲಿ ದಿನಕ್ಕೆ ಆರು ಗಂಟೆ ನಿಂತು ಜೀವಶಾಸ್ತ್ರ ಹೇಳಿಕೊಡುತ್ತೀ ಎಂದು ನಿನ್ನ ಅಮ್ಮ ಹೇಳಿದಳು. ಗಂಟಲು ಜೋಪಾನ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ನನಗೆ ನಿವೃತ್ತಿಯ ಹೊತ್ತಿಗೆ ಅರ್ಧ ಸ್ವರವಷ್ಟೇ ಉಳಿದಿತ್ತು. ನೀನು ಈಗಲೇ ಮೈಕ್ ಕೇಳಿ ತೆಗೆದುಕೋ. ನನ್ನ ಎಡಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಯಿತು, ಓದಲು ಬರೆಯಲು ತೊಂದರೆಯಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಕರೆ ಮಾಡಿದಾಗಲೆಲ್ಲ "ಕ್ಲಾಸ್ ಉಂಟು ಚಿಕ್ಕಮ್ಮ, ಮತ್ತೆ ಮಾಡ್ತೇನೆ" ಎನ್ನುತ್ತೀ, ಮತ್ತೆ ಮಾಡುವುದಿಲ್ಲ. ದೂರುತ್ತಿಲ್ಲ. ಊರಿನ ಯಾರ ಹತ್ತಿರವೂ ನೀನು ಈಗ ಹೆಚ್ಚು ಮಾತಾಡುವುದಿಲ್ಲವೆಂದು ನನಗೆ ಗೊತ್ತು. ಈ ಮಾತನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗೂ ಇರಲಿಲ್ಲ.

ಹೋದ ಮಂಗಳವಾರ ಮನೀಷ್ ಬಂದಿದ್ದ. ನಿನ್ನ ಜೊತೆ ಒಂದೇ ಗೈಡ್ ಕೈಕೆಳಗೆ ಪಿಎಚ್.ಡಿ. ಮಾಡಿದವನು, ಈಗ ಬೆಂಗಳೂರಿನಲ್ಲಿ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ನಲ್ಲಿ ಇದ್ದಾನೆ. ಕಲ್ಲಡ್ಕದಿಂದ ಮಾಣಿಯವರೆಗಿನ ಹೆದ್ದಾರಿ ಮರಗಳ ತೊಗಟೆಯಿಂದ ನಾನು ಹಿಂದೆ ಕೆರೆದು ತಂದಿದ್ದ ಕಲ್ಲುಹೂವಿನ ಮಾದರಿಗಳನ್ನು ನೋಡಬೇಕಿತ್ತಂತೆ. ರಸ್ತೆ ಅಗಲ ಮಾಡುವಾಗ ಆ ಮರಗಳೆಲ್ಲ ಹೋದವಲ್ಲ. "ಈಗ ಅವು ನಿಮ್ಮ ಲಕೋಟೆಯಲ್ಲಿ ಮಾತ್ರ ಉಂಟು ಮೇಡಂ" ಎಂದ. ಮಧ್ಯಾಹ್ನದವರೆಗೆ ಕುಳಿತು ಒಂದೊಂದಕ್ಕೂ ಫೋಟೋ ತೆಗೆದ. ಹೊರಡುವ ಮೊದಲು ನಿನ್ನ ವಿಷಯ ಎತ್ತಿದ. ಆಸ್ಟ್ರಿಯಾದಲ್ಲಿ ನಿನ್ನನ್ನು ಸೇರಿಸಿಕೊಳ್ಳಲು ಒಪ್ಪಿದ್ದ ಆ ವಿಜ್ಞಾನಿ ಅವನಿಗೆ ಒಂದು ಕಾರ್ಯಾಗಾರದಲ್ಲಿ ಸಿಕ್ಕಿದ್ದರಂತೆ. "ಮೂರನೇ ಶಿಫಾರಸು ಬಾರದೆ ಅವಳ ಫೆಲೋಶಿಪ್ ಅರ್ಜಿ ಕಂಪ್ಯೂಟರಿನಲ್ಲೇ ಬಿದ್ದುಹೋಯಿತಂತೆ ಮೇಡಂ. ಒಬ್ಬರೂ ಓದಲಿಲ್ಲ. ಓದಿದ್ದರೆ ಅವಳಿಗೇ ಸಿಗ್ತಿತ್ತು ಅಂತ ಅವರು ಈಗಲೂ ಹೇಳ್ತಾರೆ" ಎಂದ. ಅವನು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಆ ಮೂರನೆಯವಳು ನಾನೇ ಎಂದು ಅವನಿಗೆ ಗೊತ್ತಿಲ್ಲ. ಒಂದು ಲೋಟ ಮಜ್ಜಿಗೆ ಕುಡಿದು, ಕಾಲು ಮುಟ್ಟಿ ನಮಸ್ಕರಿಸಿ ಹೋದ.

ತ್ರಿಶಾ, ಅಂದು ಮೂಡುಬಿದಿರೆಯಲ್ಲಿ ಕರೆಂಟು ಹೋಗಿರಲಿಲ್ಲ. ಇಂಟರ್ನೆಟ್ಟೂ ಸರಿಯಾಗಿಯೇ ಇತ್ತು. ಕಳೆದ ವರ್ಷ ಮಾರ್ಚ್ ಹದಿನೈದರಂದು, ಸಂಜೆ ನಾಲ್ಕೂವರೆಯೊಳಗೆ ಕಳಿಸಬೇಕಿದ್ದ ಶಿಫಾರಸನ್ನು ನಾನು ಮೂರು ಗಂಟೆಗೇ ಬರೆದು ಮುಗಿಸಿದ್ದೆ. ಎರಡು ಪುಟ. ನಿನ್ನ ಬಗ್ಗೆ ಅದಕ್ಕಿಂತ ಚೆನ್ನಾಗಿ ಯಾರೂ ಬರೆದಿರಲಾರರು. ಕಳಿಸುವ ಮೊದಲು ನಿನ್ನ ಸಂಶೋಧನಾ ಯೋಜನೆಯನ್ನು ಇನ್ನೊಮ್ಮೆ ತೆರೆದೆ. ಹಳೆಯ ಮಾದರಿಗಳು ಎಲ್ಲಿಂದ ಬಂದವು ಎನ್ನುವಲ್ಲಿ "ಸ್ಥಳೀಯ ಹವ್ಯಾಸಿಯೊಬ್ಬರ ಸಂಗ್ರಹ" ಎಂದಿತ್ತು. ಹೆಸರಿರಲಿಲ್ಲ. ಬಂಟ್ವಾಳದ ಕೆಂಪು ಮುರಕಲ್ಲಿನ ಗೋಡೆಗಳು, ಬೆಳ್ತಂಗಡಿ ಕಡೆಯ ಕಾಡಂಚಿನ ಮರಗಳು, ನಮ್ಮ ಬಸದಿಗಳ ಪೌಳಿಗೋಡೆಯ ಕಲ್ಲುಗಳು, ಇಪ್ಪತ್ತೆರಡು ವರ್ಷ ರಜೆಯ ದಿನಗಳಲ್ಲೆಲ್ಲ ಅಲೆದು ಮಾಡಿದ್ದು ಆ ಸಂಗ್ರಹ. ನೀನು ಏಳನೆಯ ತರಗತಿಯಲ್ಲಿದ್ದಾಗ ಫರಂಗಿಪೇಟೆಯಲ್ಲಿ ಗೋಡೆಯೊಂದಕ್ಕೆ ಲೆನ್ಸ್ ಹಿಡಿದು ನಿಂತು ಬಸ್ ತಪ್ಪಿಸಿದ್ದೆ. ಆ ಮನೆಯ ಐಸಮ್ಮ ನಮ್ಮಿಬ್ಬರನ್ನೂ ಕೂರಿಸಿ ನೀರು ಬೆಲ್ಲ ಕೊಟ್ಟು, "ನಮ್ಮ ಗೋಡೆಯಲ್ಲಿ ಎಂತ ಕಾಣ್ತದೆ ಮಗಾ?" ಎಂದು ಕೇಳಿದ್ದರು. ನೀನು ಅವರ ಕೈಗೇ ಲೆನ್ಸ್ ಕೊಟ್ಟಿದ್ದೆ. ಅಂಥವಳು ನನ್ನನ್ನು ಹವ್ಯಾಸಿ ಎಂದಳಲ್ಲ ಎಂದು ಹೊಟ್ಟೆ ಉರಿಯಿತು. ಅದು ನಿನ್ನ ಗೈಡ್ ಮಾಡಿಸಿದ ತಿದ್ದುಪಡಿ ಎಂದು ಆಮೇಲೆ ತಿಳಿಯಿತು. ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ಒಂದು ಪದದ ಮೇಲೆ ಎಲ್ಲವನ್ನೂ ಹೊರಿಸಿದರೆ ಅದೂ ಸುಳ್ಳಾಗುತ್ತದೆ. ಎಂಬತ್ತೇಳರಲ್ಲಿ ಲಖನೌದಿಂದ ನನಗೂ ಒಂದು ಕಾಗದ ಬಂದಿತ್ತು, ಸಂಶೋಧನೆಗೆ ಬಂದು ಸೇರಲು. ನಿನ್ನ ಅಜ್ಜ ಅದನ್ನು ಪೂರ್ತಿ ಓದಿ, ಮಡಚಿ, ನನ್ನ ಕೈಗೇ ವಾಪಸು ಕೊಟ್ಟರು. "ಅಷ್ಟು ದೂರ ಹೆಣ್ಣುಮಗಳು ಒಬ್ಬಳೇ ಹೋಗುವುದುಂಟಾ? ಇಲ್ಲೇ ಎಂತಾದರೂ ಮಾಡುವ" ಎಂದರು. ನಾನು ಜಗಳ ಮಾಡಲಿಲ್ಲ. ಮಾಡಿದ್ದರೆ ಒಪ್ಪುತ್ತಿದ್ದರೋ ಏನೋ ಎಂದು ಆಮೇಲೆ ಬಹಳ ವರ್ಷ ಯೋಚಿಸಿದ್ದೇನೆ. ಅಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತಾಗ, ನೀನು ಹೊರಡುವುದು, ಮಂಗಳೂರಿನ ವಿಮಾನ ನಿಲ್ದಾಣಕ್ಕೆ ನಾವೆಲ್ಲ ಬರುವುದು, ಅಲ್ಲಿಂದ ನಾನು ತಿರುಗಿ ಇದೇ ಮನೆಗೆ ಬರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಒಂದು ಗುಂಡಿ ಒತ್ತಿದರೆ ಸಾಕಿತ್ತು. ಕೈ ಮಡಿಲಲ್ಲಿಟ್ಟುಕೊಂಡು ಗಡಿಯಾರ ನೋಡುತ್ತಾ ಕುಳಿತೆ. ನಾಲ್ಕೂವರೆಯಾಯಿತು. ಎದ್ದು ಹೋಗಿ ಒಲೆ ಹಚ್ಚಿದೆ. ನಮ್ಮ ನೇಮದಂತೆ ಬೆಳಕಿರುವಾಗಲೇ ಊಟ ಮಾಡಬೇಕಿತ್ತಲ್ಲ. ಊಟವನ್ನೂ ಮಾಡಿದೆ.

ಮಾರನೆಯ ದಿನ ನೀನು ಓಡಿ ಬಂದಾಗ ಕರೆಂಟಿನ ಕಥೆ ಹೇಳಿದೆ. ನೀನು ನನ್ನ ಬೆನ್ನ ಮೇಲೆ ಕೈಯಿಟ್ಟು, "ಇರಲಿ ಚಿಕ್ಕಮ್ಮ, ನೀವೆಂತ ಮಾಡ್ಲಿಕ್ಕೆ ಆಗ್ತದೆ?" ಎಂದು ನನ್ನನ್ನೇ ಸಮಾಧಾನ ಮಾಡಿದೆ. ಪಿಎಚ್.ಡಿ. ಸಿಕ್ಕಿ ಮೂರು ವರ್ಷದೊಳಗಿನವರಿಗೆ ಮಾತ್ರ ಎಂಬ ಆ ಫೆಲೋಶಿಪ್‌ನ ನಿಯಮದಂತೆ ನಿನಗೆ ಅದೇ ಕೊನೆಯ ಅವಕಾಶವಾಗಿತ್ತು. ಅದೂ ನನಗೆ ಮೊದಲೇ ಗೊತ್ತಿತ್ತು. ಜೂನಿನಲ್ಲಿ ಇಲ್ಲಿನ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲೂ ನಿನ್ನ ಹೆಸರು ಬರಲಿಲ್ಲ. ಸೂಕ್ಷ್ಮದರ್ಶಕವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕಪಾಟಿನಲ್ಲಿಟ್ಟು ನೀನು ಕಲಬುರಗಿಯ ಬಸ್ ಹತ್ತಿದೆ. "ಇದು ಸಾಕು ಚಿಕ್ಕಮ್ಮ, ಇನ್ನು ಬೇಡ" ಎಂದೆಯಲ್ಲ, ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮನೀಷ್ ಬಂದುಹೋದ ಮರುದಿನ ಬೆಳ್ತಂಗಡಿಗೆ ಹೋಗಿ ನಿನ್ನ ಅಮ್ಮನಿಗೆ ಹೇಳಿದೆ. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಕೇಳಿದ ಮೇಲೂ ಕೈಯಲ್ಲಿದ್ದ ಕಾಯಿಕಡಿ ಮುಗಿಯುವವರೆಗೆ ತುರಿದಳು. "ಶಶಿ, ಅವಳಿಗೆ ನೀನೇ ಹೇಳು. ಇದನ್ನು ನನ್ನ ಬಾಯಿಂದ ಹೇಳಿಸಬೇಡ" ಎಂದಳು. ಊಟಕ್ಕೆ ಬಡಿಸಿದಳು, ಎದುರು ಕೂರಲಿಲ್ಲ. ಅರವತ್ತು ವರ್ಷದಲ್ಲಿ ಅಕ್ಕ ನನ್ನನ್ನು ಗೇಟಿನವರೆಗೆ ಬಿಡಲು ಬಾರದಿದ್ದುದು ಅದೇ ಮೊದಲು.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಹಾಗೆ ಕೇಳಿದರೆ ನಿನ್ನ ಮೇಲೆ ಇನ್ನೊಂದು ಹೊರೆ ಹೊರಿಸಿದಂತಾಗುತ್ತದೆ. ನೀನು ಸಿಟ್ಟು ಮಾಡು, ಬೈ, ನನ್ನ ಮನೆಗೆ ಕಾಲಿಡದಿರು. ಆ ಅರ್ಜಿ ಬಿದ್ದುಹೋದದ್ದು ನಿನ್ನ ಕೆಲಸ ಸಾಲದ್ದರಿಂದ ಅಲ್ಲ ಎಂಬುದನ್ನು ಮಾತ್ರ ನಂಬು. ಇಷ್ಟು ದಿನ ನೀನು ಹಾಗೆ ಅಂದುಕೊಂಡಿದ್ದರೆ ಅದೂ ನನ್ನದೇ ತಪ್ಪು.

ನಿನಗೆ ಒಳ್ಳೆಯದಾಗಲಿ. ಹಾಗೆ ಹರಸುವ ಹಕ್ಕು ಉಳಿದಿದೆಯೋ ಇಲ್ಲವೋ, ಹರಸದೆ ಇರಲು ನನ್ನಿಂದ ಆಗುವುದಿಲ್ಲ.

ನಿನ್ನ ಚಿಕ್ಕಮ್ಮ,
ಶಶಿಪ್ರಭಾ

ಮರೆತ ಮಾತು, ಸೋಮವಾರ ಬೆಳಿಗ್ಗೆ: ಟಪಾಲಿನವರು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮನೀಷ್ ಇರುವ ಸಂಸ್ಥೆಯಲ್ಲಿ ಎರಡು ವರ್ಷದ ಫೆಲೋಶಿಪ್‌ಗೆ ಅರ್ಜಿ ಕರೆದಿದ್ದಾರೆ. ಪಿಎಚ್.ಡಿ. ಆಗಿ ಐದು ವರ್ಷದವರೆಗೂ ಹಾಕಬಹುದು, ಹಾಗಾಗಿ ನಿನಗೆ ಈ ಒಂದು ಸಲ ಉಂಟು. ಕೊನೆಯ ದಿನ ನವೆಂಬರ್ 28. ಮೂವರ ಶಿಫಾರಸು ಬೇಕು. ನಿನ್ನ ಗೈಡ್ ಮತ್ತು ಆಸ್ಟ್ರಿಯಾದ ಆ ವಿಜ್ಞಾನಿ ಬರೆಯುತ್ತಾರೆ, ಮನೀಷ್ ಮಾತಾಡಿದ್ದಾನೆ. ಮೂರನೆಯವರನ್ನು ನೀನೇ ನೋಡಿಕೋ. ನನ್ನ ಹೆಸರು ಹಾಕಬೇಡ. ನನಗೆ ಉತ್ತರ ಬರೆಯದಿದ್ದರೂ ಸರಿ, ಅರ್ಜಿ ಹಾಕು.